ಇಬ್ಬರು ಮರಿಯಮ್ ಬೀವಿಯರು

ಕುವೈತಿನ ಕಬರಸ್ತಾನದ ಕಚೇರಿಗೆ ಬಾವಾಕುಂಞಿಯವರು ಹೋದದ್ದು ಅದು ಮೂರನೆಯ ಸಲ. ಮೂರು ಸಲವೂ ಅದೇ ಗುಮಾಸ್ತ, ಅದೇ ಪ್ರಶ್ನೆ, ಅದೇ ಉತ್ತರ.

“ಹಾಜಿ, ಯಾರ ಹೆಸರು ತಿದ್ದಬೇಕು?”

“ಮರಿಯಮ್ ಬೀವಿ. ತೊಂಬತ್ತನೆಯ ಇಸವಿ ಅಕ್ಟೋಬರದಲ್ಲಿ ದಫನ ಮಾಡಿದ್ದು.”

“ಏನೆಂದು ತಿದ್ದಬೇಕು?”

“ಅವಳ ನಿಜವಾದ ಹೆಸರು.”

“ನಿಜವಾದ ಹೆಸರು ಏನು?”

“ಗೊತ್ತಿಲ್ಲ.”

ಗುಮಾಸ್ತ ಈಜಿಪ್ಟಿನವನು, ಐವತ್ತು ದಾಟಿದವನು. ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದ. ಮತ್ತೆ ಹಾಕಿಕೊಂಡು ನೋಡಿದರೂ ಎದುರಿಗೆ ಅದೇ ಮುದುಕ ಕುಳಿತಿದ್ದರು.

“ನಾನು ಇಲ್ಲಿ ಇಪ್ಪತ್ತೆರಡು ವರ್ಷದಿಂದ ಇದ್ದೇನೆ ಹಾಜಿ. ತಪ್ಪು ಹೆಸರು ತಿದ್ದಿಕೊಡಿ ಎಂದು ಬಂದವರನ್ನು ನೋಡಿದ್ದೇನೆ. ಸರಿಯಾದ ಹೆಸರು ಗೊತ್ತಿಲ್ಲ, ಆದರೂ ತಿದ್ದಿಕೊಡಿ ಎಂದವರು ನೀವೊಬ್ಬರೇ. ಚಹಾ ಕುಡಿಯುತ್ತೀರಾ?”

ಬಾವಾಕುಂಞಿಯವರು ಚಹಾ ಕುಡಿಯದೆ ಎದ್ದು ಬಂದರು. ಹೊರಗೆ ಕಾರಿನಲ್ಲಿ ಮಗ ಮುಸ್ತಫಾ ಕಾಯುತ್ತಿದ್ದ. ಶರ್ಕ್‌ನ ಆಫೀಸಿಗೆ ಅರ್ಧ ದಿನ ರಜೆ ಹಾಕಿ ಬಂದವನು. ಹಾಗೆ ಬಂದದ್ದು ಅವನ ಮುಖದಲ್ಲಿ ಬರೆದಿತ್ತು.

“ಎಂತಾಯ್ತು ಉಪ್ಪ?”

“ಎಂತಾಗ್ಬೇಕು. ಅದೇ.”

“ನಾನು ಮೊದಲೇ ಹೇಳಿದೆ. ಇನ್ನು ಬಿಡಿ. ನಿಮ್ಮ ಇಕಾಮಾ ಪರ್ಮಿಟ್ ಮುಗೀಲಿಕ್ಕೆ ಒಂಬತ್ತು ದಿವಸ ಉಂಟು. ಇನ್ನೊಮ್ಮೆ ಎಳೀಲಿಕ್ಕೆ ಆಗುದಿಲ್ಲ ಅಂತ ಹೇಳಿದ್ದಾರೆ. ಟಿಕೆಟೂ ಆಗಿದೆ. ಊರಿಗೆ ಹೋಗಿ ಆರಾಮಲ್ಲಿ ಯಾಸೀನ್ ಓದಿ ದುವಾ ಮಾಡಿ, ಅವರಿಗೂ ಮುಟ್ಟುತ್ತದೆ.”

“ಇದು ನಿನ್ನ ಉಮ್ಮ ಹೇಳಿ ಹೋದ ಕೆಲಸ.”

“ಹೇಳಿದ್ದು ಹೌದು. ಹೆಸರು ಹೇಳದೆ ಹೋದದ್ದೂ ಹೌದಲ್ಲ.”

ಮಗ ಹೇಳಿದ್ದು ಸರಿಯಾಗಿತ್ತು, ಅದಕ್ಕೇ ಬಾವಾಕುಂಞಿಯವರಿಗೆ ಇನ್ನಷ್ಟು ರೇಗಿತು. ಅಬ್ಬಾಸಿಯಾದ ಮನೆ ಮುಟ್ಟುವವರೆಗೂ ಅವರು ಕಿಟಕಿಯ ಹೊರಗೆ ನೋಡುತ್ತ ಕುಳಿತರು.

ಅವರ ಹೆಂಡತಿ ಮರಿಯಮ್ ಬೀವಿ ತೀರಿಹೋಗಿ ಮೂರು ತಿಂಗಳಾಗಿತ್ತು. ನಲವತ್ತೊಂಬತ್ತು ವರ್ಷದ ಸಂಸಾರ. ಆಸ್ಪತ್ರೆಯಲ್ಲಿ ಕೊನೆಯ ದಿನ ಬೆಳಗ್ಗೆ ಅವಳು ಗಂಡನನ್ನು ಹತ್ತಿರ ಕರೆದಿದ್ದಳು. ಕಲಿಮ ಹೇಳಿಸಬೇಕೆಂದು ಇವರು ಬಾಗಿದರೆ ಅವಳು ಹೇಳಿದ್ದೇ ಬೇರೆ.

“ಸಿಸ್ಟರ್‌ದು ಹೆಸರು ಅವರಿಗೆ ವಾಪಸ್ ಕೊಡಿಸಿ. ನನ್ನದು ನನಗೆ ಬೇಕು. ನಾಳೆ ಸತ್ತವರೆಲ್ಲ ಏಳುವ ದಿವಸ ಮಹ್ಶರದಲ್ಲಿ ಬಾವಾಕುಂಞಿ ಹೆಂಡತಿ ಮರಿಯಮ್ ಅಂತ ಕರೆದಾಗ ಇಬ್ಬರು ಎದ್ದು ನಿಂತರೆ ನೀವು ಎಂತ ಮಾಡ್ತೀರಿ?”

“ಆಯ್ತು, ಕೊಡಿಸ್ತೇನೆ. ಅವಳ ಹೆಸರು ಎಂತ?”

“ನಾನು ದಿನಾ ಕರೀತಿದ್ದೆನಲ್ಲ. ನಿಮಗೆ ಕಿವಿ ಇರ್ಲಿಲ್ವಾ?”

ಅಷ್ಟರಲ್ಲಿ ನರ್ಸು ಬಂದು ಮುಖಕ್ಕೆ ಆಕ್ಸಿಜನ್ ಮಾಸ್ಕ್ ಮುಚ್ಚಿದಳು. ಅದನ್ನು ತೆಗೆದದ್ದು ಸಂಜೆ ಅಸರ್ ನಮಾಝಿನ ಹೊತ್ತಿಗೆ. ಆಗ ಕೇಳಲು ಅವಳಿರಲಿಲ್ಲ.

ಸಾಯುವ ಹೊತ್ತಿನಲ್ಲೂ ನೇರವಾಗಿ ಒಂದು ಮಾತು ಹೇಳಬಾರದೇ ಎಂದು ಬಾವಾಕುಂಞಿಯವರು ಈ ಮೂರು ತಿಂಗಳಲ್ಲಿ ಎಷ್ಟು ಸಲ ಅಂದುಕೊಂಡರೋ. ಅಂದುಕೊಂಡ ಪ್ರತಿ ಸಲವೂ ಕೂಡಲೇ ಇಸ್ತಿಗ್ಫಾರ್ ಹೇಳಿ ಅಲ್ಲಾಹನಲ್ಲಿ ಮಾಫಿ ಕೇಳಿದರು. ಆಮೇಲೆ ಮತ್ತೆ ಅದನ್ನೇ ಅಂದುಕೊಂಡರು.

ನಡೆದದ್ದು ಇಷ್ಟು.

ಆ ಕಾಲದಲ್ಲಿ ಗಂಡ ಹೆಂಡತಿ ಇಬ್ಬರೂ ಶರ್ಕ್‌ನ ಸಮುದ್ರದ ಬದಿಯ ಒಂದು ಹಳೆಯ ದೊಡ್ಡ ಮನೆಯಲ್ಲಿ ಕೆಲಸಕ್ಕಿದ್ದರು. ಅವರು ಅಡುಗೆ, ಇವಳು ಮನೆಗೆಲಸ. ಮುಸ್ತಫಾ ಆಗ ಆರು ವರ್ಷದವನು, ಉಳ್ಳಾಲದಲ್ಲಿ ಅಜ್ಜಿಯ ಜೊತೆ ಇದ್ದ. ಮನೆಯ ಯಜಮಾನನನ್ನು ಕೆಲಸದವರೆಲ್ಲ ಬಾಬಾ ಎನ್ನುತ್ತಿದ್ದರು. ಬಾಬಾ ಸಂಸಾರ ಸಮೇತ ಬೇಸಿಗೆಗೆ ಲಂಡನಿಗೆ ಹೋಗಿದ್ದಾಗ ಇರಾಕಿನ ಸೈನ್ಯ ಕುವೈತಿಗೆ ನುಗ್ಗಿತು. ಇಪ್ಪತ್ತೊಂದು ಕೋಣೆಗಳ ಮನೆಯಲ್ಲಿ ಉಳಿದವರು ಇವರಿಬ್ಬರೇ. ಸೋಫಾ, ಕುರ್ಚಿ, ತೂಗುದೀಪಗಳಿಗೆಲ್ಲ ಬಿಳಿ ಬಟ್ಟೆ ಹೊದಿಸಿತ್ತು. ಗಾಳಿ ಬೀಸಿದರೆ ಮರದ ಜಾಲರಿಗಳ ಒಳಗೆ ಯಾರೋ ಉಸಿರು ಬಿಟ್ಟಂತೆ ಶಬ್ದವಾಗುತ್ತಿತ್ತು. ಹಗಲು ಹೊತ್ತಿನಲ್ಲೇ ಬಾವಾಕುಂಞಿಯವರು ಮೇಲಿನ ಅಂತಸ್ತಿಗೆ ಒಬ್ಬರೇ ಹತ್ತುತ್ತಿರಲಿಲ್ಲ.

ಸೈನ್ಯ ಬಂದ ಹನ್ನೆರಡನೆಯ ದಿನ ಮಧ್ಯಾಹ್ನ ಹಿಂಬಾಗಿಲಲ್ಲಿ ಒಬ್ಬಳು ಬಿಳಿ ಹೆಂಗಸು ಒಂದು ಚೀಲ ಹಿಡಿದು ನಿಂತಿದ್ದಳು. ಬಾಬಾನ ಮುದಿ ತಾಯಿಗೆ ಇಂಜೆಕ್ಷನ್ ಕೊಡಲು ಕೆಲವು ಸಲ ಬಂದಿದ್ದ ಇಂಗ್ಲಿಷ್ ನರ್ಸು. ಆಗ ಬ್ರಿಟಿಷರನ್ನು, ಅಮೆರಿಕದವರನ್ನು ಸೈನಿಕರು ಮನೆಮನೆ ಹುಡುಕಿ ಹಿಡಿದು ಇರಾಕಿಗೆ ಸಾಗಿಸುತ್ತಿದ್ದರು. ಅಡಗಿಸಿಟ್ಟವರಿಗೆ ಗಲ್ಲು ಎಂದು ರೇಡಿಯೋದಲ್ಲಿ ಹೇಳಿಯಾಗಿತ್ತು. ಬಾವಾಕುಂಞಿಯವರು ಯೋಚನೆ ಮಾಡಿ ಹೇಳೋಣ ಎಂದುಕೊಳ್ಳುವಷ್ಟರಲ್ಲಿ ಮರಿಯಮ್ ಬೀವಿ ಅವಳನ್ನು ಒಳಗೆ ಕರೆದು ಬಾಗಿಲು ಹಾಕಿ, ಅಕ್ಕಿಗೆ ಇನ್ನೊಂದು ಹಿಡಿ ಸೇರಿಸಿಯಾಗಿತ್ತು.

ಅಂದು ಆ ಹೆಂಗಸು ಎದೆಯ ಮೇಲೆ ಕೈಯಿಟ್ಟು ಹೆಸರು ಹೇಳಲು ಬಾಯಿ ತೆರೆದಳು. ಬಾವಾಕುಂಞಿಯವರು ಎರಡೂ ಕಿವಿಗೆ ಬೆರಳು ತುರುಕಿಕೊಂಡರು. ಗೊತ್ತಿದ್ದರಲ್ಲವೇ ಹೊಡೆತಕ್ಕೆ ಬಾಯಿ ಬಿಡುವುದು. ಬುದ್ಧಿವಂತಿಕೆಯ ಕೆಲಸ ಮಾಡಿದೆ ಎಂದು ಅವರಿಗೆ ಆಗ ಬಹಳ ಹೆಮ್ಮೆಯಾಗಿತ್ತು. ಅಂದಿನಿಂದ ಅವರ ಪಾಲಿಗೆ ಅವಳು ಬರೀ ಸಿಸ್ಟರ್.

ಮೇಲಿನ ಅಂತಸ್ತಿನ ಕೊನೆಯ ಕೋಣೆಯ ಬಾಗಿಲಿಗೆ ಅಡ್ಡವಾಗಿ ಕಪಾಟು ಸರಿಸಿ, ಅವಳನ್ನು ಒಳಗೆ ಇಟ್ಟರು. ಬಿಳಿ ನಿಲುವಂಗಿ ತೊಟ್ಟು ಜಾಲರಿಯ ಹತ್ತಿರ ನಿಲ್ಲುವುದು ಅವಳ ಚಾಳಿ. ಒಂದು ಮಧ್ಯಾಹ್ನ ಬೀದಿಯಲ್ಲಿ ಹೋಗುತ್ತಿದ್ದ ಸೈನಿಕರು ಕಂಡು ಒಳಗೆ ನುಗ್ಗಿದರು. ಮರಿಯಮ್ ಬೀವಿ ಹೆದರಲಿಲ್ಲ. ಲೋಬಾನದ ಹೊಗೆಯ ಪಾತ್ರೆ ಹಿಡಿದು ಮೆಟ್ಟಿಲಲ್ಲಿ ನಿಂತು, “ಬಿಳಿ ಬಟ್ಟೆಯವಳು ಕಂಡಳಾ? ಹೋದ ವರ್ಷ ಕಂಡ ತೋಟಗಾರ ಎಂಟು ದಿನ ಬದುಕಿದ” ಎಂದು ತನ್ನ ಹರಕು ಅರಬಿಯಲ್ಲಿ ಹೇಳಿದಳು. ಅವರಲ್ಲಿ ಚಿಕ್ಕವನೊಬ್ಬ ಆಯತುಲ್ ಕುರ್ಸಿ ಓದುತ್ತ ಹಿಂದೆ ಸರಿದ. ಅವನ ಹಿಂದೆ ಉಳಿದವರೂ ಸರಿದರು. ಆ ಮೇಲೆ ಅದು ಜಿನ್ನಿನ ಮನೆಯೆಂದು ಇಡೀ ಬೀದಿಗೆ ಹೆಸರಾಯಿತು.

ದಿನಕ್ಕೆ ಹತ್ತು ಸಲ ಮರಿಯಮ್ ಬೀವಿ ಮೆಟ್ಟಿಲ ಕೆಳಗೆ ನಿಂತು, “ಪೆನ್ನೇ, ಚಾ ಆಯ್ತು. ಪೆನ್ನೇ, ಕಿಟಕಿ ಹತ್ತಿರ ಹೋಗ್ಬೇಡ” ಎಂದು ಕರೆಯುತ್ತಿದ್ದಳು. ಬ್ಯಾರಿ ಮಾತಿನಲ್ಲಿ ಪೆನ್ನೇ ಎಂದರೆ ಹುಡುಗಿಯೇ ಎಂದಷ್ಟೇ. ಮನೆಯಲ್ಲಿ ತಂಗಿಯನ್ನು, ನಾದಿನಿಯನ್ನು ಕರೆಯುವ ಮಾತು. ಕಲಿತ ಹೆಂಗಸನ್ನು, ಅದೂ ಬಿಳಿಯವಳನ್ನು, ಹಾಗೆ ಕರೆಯುವುದು ಸರಿಯಲ್ಲವೆಂದು ಬಾವಾಕುಂಞಿಯವರು ಬೈದಿದ್ದರು. “ಹಾಗೆ ಕರಿ ಅಂತ ಅವರೇ ಹೇಳಿದ್ದು” ಎಂದು ಮರಿಯಮ್ ಬೀವಿ ನಕ್ಕಿದ್ದಳು. ಎರಡು ತಿಂಗಳಲ್ಲಿ ಇಷ್ಟು ಸಲಿಗೆಯೇ ಎಂದು ಅವರು ತಲೆ ಕೊಡವಿ ಅಡುಗೆಮನೆಗೆ ಹೋಗಿದ್ದರು.

ಅಕ್ಟೋಬರದ ಒಂದು ಗುರುವಾರ. ಬಾವಾಕುಂಞಿಯವರು ಇರಾನಿಯ ತಂದೂರಿನಿಂದ ರೊಟ್ಟಿ ತರಲು ಸಾಲಿನಲ್ಲಿ ನಿಂತು, ನಾಲ್ಕರ ಹೊತ್ತಿಗೆ ಮನೆಗೆ ಬಂದರೆ ಗೇಟಿನಲ್ಲಿ ಜೀಪು. ಅಧಿಕಾರಿಯೊಬ್ಬ ಅವರ ಕೈಗೆ ಒಂದು ಬತಾಕಾ ಕೊಟ್ಟ. ಅದು ಮರಿಯಮ್ ಬೀವಿಯ ಗುರುತಿನ ಚೀಟಿ. “ಮೀನು ಮಾರ್ಕೆಟ್ಟಿನ ಹತ್ತಿರ ನಿಲ್ಲು ಎಂದಾಗ ನಿಲ್ಲಲಿಲ್ಲ. ಓಡಿದಳು. ತಪ್ಪಾಯಿತು” ಎಂದ. ಜೀಪಿನಲ್ಲಿ ಕಪ್ಪು ಬುರ್ಖಾ, ಕೈಗೆ ಗವಸು, ಕಾಲಿಗೆ ಕಾಲುಚೀಲ ಹಾಕಿದ ಒಂದು ದೇಹ ಮಲಗಿತ್ತು. ಅದು ಹೆಂಡತಿಯ ಬುರ್ಖಾ. ಬಾವಾಕುಂಞಿಯವರು ನೆಲಕ್ಕೆ ಕುಸಿದು ಅತ್ತರು. ಅತ್ತುಕೊಂಡೇ ಮುಸುಕಿನ ತುದಿ ಎತ್ತಿದರು. ಒಳಗೆ ನೀಲಿ ಕಣ್ಣು ಅರ್ಧ ತೆರೆದಿತ್ತು.

ಆಗಲೂ ಅವರು ಅಳು ನಿಲ್ಲಿಸಲಿಲ್ಲ. ನಿಲ್ಲಿಸಿದ್ದರೆ ಇನ್ನೆರಡು ಜೀವ ಹೋಗುತ್ತಿತ್ತು. ನನ್ನ ಹೆಂಡತಿಯ ಮುಖ ಪರರು ನೋಡಬಾರದು, ಮನೆಯಲ್ಲೇ ಸ್ನಾನ ಮಾಡಿಸುತ್ತೇನೆ ಎಂದು ಅಂಗಲಾಚಿದರು. ಮುಸಲ್ಮಾನ ಹೆಂಗಸನ್ನು ಕೊಂದ ಅಳುಕಿನಲ್ಲಿದ್ದ ಅಧಿಕಾರಿ ಒಪ್ಪಿದ. ಮೇಲಿನ ಕೋಣೆಯಲ್ಲಿ, ಬಿಳಿ ಬಟ್ಟೆ ಹೊದಿಸಿದ ಕುರ್ಚಿಗಳ ನಡುವೆ, ಸತ್ತವಳೆಂದು ಬರೆಸಿಕೊಂಡ ಮರಿಯಮ್ ಬೀವಿ ತನ್ನ ಹೆಸರಿನ ಮಯ್ಯಿತ್ತಿಗೆ ತಾನೇ ಸ್ನಾನ ಮಾಡಿಸಿ, ಕಫನ್ ಹೊದಿಸಿದಳು. ಹೊರಗೆ ಬರುವಂತಿರಲಿಲ್ಲ, ದನಿ ಎತ್ತುವಂತಿರಲಿಲ್ಲ. ಬಾವಾಕುಂಞಿಯವರು ಗಂಡನಾಗಿ ನಿಂತು ಜನಾಝ ನಮಾಝ್ ಮಾಡಿಸಿದರು. ಕಬರಸ್ತಾನದ ಪುಸ್ತಕದಲ್ಲಿ ಹೆಬ್ಬೆಟ್ಟು ಒತ್ತಿದರು. ಯುದ್ಧ ಮುಗಿಯುವವರೆಗೂ ಮರಿಯಮ್ ಬೀವಿ ಆ ಕೋಣೆಯಲ್ಲೇ ಜಿನ್ನಾಗಿ ಉಳಿದಳು. ಆಮೇಲೆ ಕಬರಸ್ತಾನದ ಪುಸ್ತಕವನ್ನು ಯಾರೂ ತೆರೆದು ನೋಡಲಿಲ್ಲ, ಅದೇ ಬತಾಕಾ ಹಿಡಿದು ಅವಳು ಮತ್ತೆ ಬದುಕಿದಳು.

ಸಿಸ್ಟರ್ ಅಂದು ಯಾಕೆ ಹೊರಗೆ ಹೋದಳು ಎಂದು ಕೇಳಿದಾಗಲೆಲ್ಲ ಮರಿಯಮ್ ಬೀವಿ ಮಾತು ಬದಲಿಸುತ್ತಿದ್ದಳು. ಬುರ್ಖಾ ಮತ್ತು ಬತಾಕಾ ಕದ್ದು ಹೋದಳು ಎಂದೇ ಬಾವಾಕುಂಞಿಯವರು ಮೂವತ್ತೈದು ವರ್ಷ ನಂಬಿದ್ದರು.

ಮೂರನೆಯ ಸಲ ಕಬರಸ್ತಾನದಿಂದ ಬರಿಗೈಯಲ್ಲಿ ಬಂದ ದಿನ ಹದಿನೈದು ವರ್ಷದ ಮೊಮ್ಮಗಳು ಶಿಫಾನಾ ಫೋನು ಹಿಡಿದು ಅಜ್ಜನ ಹತ್ತಿರ ಕುಳಿತಳು. ಹಿಂದೆ ಕುವೈತಿನಲ್ಲಿದ್ದ ಇಂಗ್ಲಿಷರು ಸೇರುವ ಫೇಸ್‌ಬುಕ್ ಗುಂಪಿನಲ್ಲಿ ವಾರದ ಹಿಂದೆ ಅವಳು ಈ ಕಥೆ ಬರೆದು ಹಾಕಿದ್ದಳು.

“ಉಪ್ಪಾಪ, ನೈಂಟಿ ಟೂ ಕಾಮೆಂಟ್ಸ್.”

“ಹೆಸರು ಉಂಟಾ?”

“ನೋ. ಒಬ್ಬರಿಗೆ ಮಚ್‌ಬೂಸ್ ರೆಸಿಪಿ ಬೇಕಂತೆ. ಇನ್ನೊಬ್ಬರು ನೀವು ಹೇಳಿದ ಡೇಟ್ ರಾಂಗ್ ಅಂತಾರೆ. ಮತ್ತೊಬ್ಬರು ನೀವು ಫೇಕ್ ಅಂತಾರೆ.”

“ನಾನು ಎಂತ?”

“ಫೇಕ್. ಸುಳ್ಳು.”

“ಅದು ಮಾತ್ರ ಸರಿ ಹೇಳಿದ್ದಾನೆ,” ಎಂದು ಬಾವಾಕುಂಞಿಯವರು ನಮಾಝಿಗೆ ವುಝೂ ಮಾಡಲು ಎದ್ದರು. ಎದ್ದವರನ್ನು ಶಿಫಾನಾ ಕೈ ಹಿಡಿದು ಕೂರಿಸಿದಳು. ಡಂಕನ್ ಪೀಲ್ ಎಂಬವನೊಬ್ಬ ಬೇರೆಯಾಗಿ ಬರೆದಿದ್ದ. ಶುಕ್ರವಾರ ಕುವೈತಿಗೆ ಬರುತ್ತೇನೆ, ವಿಳಾಸ ಕೊಡಿ, ಇಷ್ಟೇ.

ಶುಕ್ರವಾರ ಜುಮಾ ಮುಗಿಸಿ ಬರುವಾಗ ಅವನು ಆಗಲೇ ಮನೆಯಲ್ಲಿದ್ದ. ಬಾವಾಕುಂಞಿಯವರಿಗಿಂತ ಎರಡು ವರ್ಷ ಚಿಕ್ಕವನಿರಬಹುದು. ಉದ್ದ ದೇಹ, ಬಾಗಿದ ಬೆನ್ನು, ಕೈಯಲ್ಲಿ ಕೋಲು. ಯಾರೂ ಹೇಳದೆ ಚಪ್ಪಲಿ ಬಾಗಿಲಲ್ಲೇ ಬಿಟ್ಟಿದ್ದ. ಶಿಫಾನಾ ಇಬ್ಬರ ನಡುವೆ ಕುಳಿತು ಮಾತು ತಿರುಗಿಸಿದಳು. ಮುಸ್ತಫಾ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದ, ಆದಷ್ಟು ಬೇಗ ಮುಗಿಯಲಿ ಎಂಬಂತೆ.

ಪೀಲ್ ಜೇಬಿನಿಂದ ಒಂದು ಫೋಟೋ ತೆಗೆದ. ಆಸ್ಪತ್ರೆಯ ಮೆಟ್ಟಿಲ ಮೇಲೆ ಒಬ್ಬಳು ಬಿಸಿಲಿಗೆ ಕಣ್ಣು ಕಿರಿದು ಮಾಡಿ ನಗುತ್ತಿದ್ದಳು. ಬಾವಾಕುಂಞಿಯವರು ಅದನ್ನು ಬೆಳಕಿಗೆ ಹಿಡಿದು ನೋಡಿದರು. “ಇವಳೇ” ಎಂದರು. “ಹೆಸರು ಹೇಳಲಿಕ್ಕೆ ಹೇಳು ಶಿಫಾನಾ.”

ಶಿಫಾನಾ ಕೇಳಿದಳು. ಪೀಲ್ ಏನೋ ಹೇಳಿದ.

“ನೀವು ಹೇಳ್ಬೇಕಂತೆ ಉಪ್ಪಾಪ. ಹಿಂದೆ ಎಷ್ಟೋ ಜನ ಅವಳನ್ನು ನೋಡಿದ್ದೇವೆ ಅಂತ ಇವರಿಗೆ ಚೀಟ್ ಮಾಡಿದ್ದಾರಂತೆ. ಹೆಸರು ನೀವು ಹೇಳಿದ್ರೆ ನಂಬ್ತಾರಂತೆ.”

ಬಾವಾಕುಂಞಿಯವರು ಮೇಲೆ ನೋಡಿದರು, ಕೆಳಗೆ ನೋಡಿದರು. “ಯಾ ಅಲ್ಲಾಹ್. ಹೆಸರು ಸಿಗ್ಲಿಲ್ಲ ಅಂತ ನಾನು ಮೂರು ಸಲ ಆಫೀಸಿಗೆ ಅಲೆದದ್ದು. ಇವನು ವಿಮಾನ ಹತ್ತಿ ಬಂದು ಹೆಸರು ನನ್ನ ಹತ್ರ ಕೇಳುದಾ?”

“ಇದನ್ನು ಟ್ರಾನ್ಸ್‌ಲೇಟ್ ಮಾಡ್ಲಾ?”

“ಬೇಡ. ಹೆಸರು ನಾನೇ ಹೇಳ್ಬೇಕಂತಲ್ಲ? ಹೇಳು. ನಾನು ಸಿಸ್ಟರ್ ಅಂತಿದ್ದೆ. ನನ್ನ ಹೆಂಡತಿ ದಿನಾ ಹೆಸರು ಕರೀತಿದ್ದೆ ಅಂತ ಹೇಳಿ ಸತ್ತಳು. ಎಲ್ಲಿ ಕರೆದಳು ಹೆಸರು? ಬೆಳಗಿಂದ ಸಂಜೆವರೆಗೆ ಮೆಟ್ಟಿಲ ಕೆಳಗೆ ನಿಂತು, ಪೆನ್ನೇ, ಪೆನ್ನೇ. ಅದು ಒಂದು ಹೆಸರಾ?”

ಕೋಪದಲ್ಲಿ ಅವರಿಗೆ ಅರಿವಿಲ್ಲದೆ ಮರಿಯಮ್ ಬೀವಿಯ ದನಿಯಲ್ಲೇ ಅದು ಹೊರಬಂದಿತ್ತು, ಕೊನೆಗೆ ಸ್ವಲ್ಪ ಎಳೆದು, ಮೇಲಿನ ಅಂತಸ್ತಿಗೆ ಕೇಳುವ ಹಾಗೆ.

ಶಿಫಾನಾ ತಿರುಗಿಸಲು ಬಾಯಿ ತೆರೆಯುವ ಮೊದಲೇ ಪೀಲ್‌ನ ಕೈಯಲ್ಲಿದ್ದ ಚಹಾದ ಕಪ್ಪು ತಟ್ಟೆಯ ಮೇಲೆ ಒರಗಿತು. ಚಹಾ ಚಾಪೆಗೆ ಚೆಲ್ಲಿತು. ಅವನು ಅದನ್ನು ನೋಡಲಿಲ್ಲ.

“ಪೆನ್ನಿ,” ಎಂದ. ಆಮೇಲೆ ಇನ್ನೊಮ್ಮೆ, “ಪೆನ್ನಿ.”

ಪೂರ್ತಿ ಹೆಸರು ಪೆನೆಲಪಿ ರೇ ಎಂದು ಶಿಫಾನಾ ಹೇಳಿದಳು. ಎಲ್ಲರೂ ಪೆನ್ನಿ ಎಂದೇ ಕರೆಯುವುದಂತೆ.

ಬಾವಾಕುಂಞಿಯವರ ಕಿವಿಯ ಬುಡದಲ್ಲೇ ದಿನಕ್ಕೆ ಹತ್ತು ಸಲ ಎರಡು ತಿಂಗಳು ಕೂಗಿದ ಹೆಸರು. ಅದನ್ನು ಬೇಡವೆಂದು ಅವರೇ ಬೈದಿದ್ದರು. ಮರಿಯಮ್ ಬೀವಿ ಈಗ ಇದ್ದಿದ್ದರೆ ಎಷ್ಟು ನಗುತ್ತಿದ್ದಳು ಎಂದು ನೆನೆದಾಗ ಅವರಿಗೆ ಅಳು ಬಂತು. ಅಳುವ ಮುದುಕನನ್ನು ನೋಡಿ ಗಾಬರಿಯಾದ ಮುಸ್ತಫಾ ನೀರು ತಂದುಕೊಟ್ಟ.

ಉಳಿದದ್ದನ್ನು ಪೀಲ್ ನಿಧಾನವಾಗಿ ಹೇಳಿದ. ಇಬ್ಬರೂ ಮದುವೆಯಾಗುವವರಿದ್ದರು. ಅವನು ಎರಡು ಬೀದಿ ಆಚೆ, ಮುಚ್ಚಿದ ಅಂಗಡಿಯೊಂದರ ಮಾಳಿಗೆಯಲ್ಲಿ ಅಡಗಿದ್ದ. ತಂದೂರಿನ ಇರಾನಿ ಅವನ ಸ್ನೇಹಿತ. ಪೆನ್ನಿಗೆ ಬರೆದ ಚೀಟಿಯನ್ನು ಇರಾನಿ ರೊಟ್ಟಿಯ ಮಡಿಕೆಯಲ್ಲಿಟ್ಟು ಆ ದೊಡ್ಡ ಮನೆಯ ಅಡುಗೆಯವನ ಕೈಗೆ ಕೊಡುತ್ತಿದ್ದ.

“ಯಾರ ಕೈಗೆ?”

“ನಿಮ್ಮ ಕೈಗೆ ಉಪ್ಪಾಪ.”

“ನಾನಾ?” ಬಾವಾಕುಂಞಿಯವರು ಮೊಮ್ಮಗಳ ಮುಖ, ಪೀಲ್‌ನ ಮುಖ ನೋಡಿದರು. ಚೆಕ್‌ಪೋಸ್ಟಿನಲ್ಲಿ ಸೈನಿಕರು ಆ ರೊಟ್ಟಿಯನ್ನು ಎಷ್ಟು ಸಲ ಮುಟ್ಟಿ ನೋಡಿದ್ದರು. ಒಂದು ದಿನ ಒಬ್ಬ ಹರಿದು ತಿಂದೂ ಇದ್ದ. “ಎರಡು ತಿಂಗಳು ನಾನು ಇವರ ಪ್ರೇಮಪತ್ರ ಹೊತ್ತದ್ದಾ? ನನಗೆ ಗಲ್ಲು ಆಗ್ತಿತ್ತು ಅಂತ ಇವನಿಗೆ ಹೇಳು. ಮರಿಯಮಿಗೆ ಗೊತ್ತಿತ್ತಾ ಕೇಳು.”

ಗೊತ್ತಿತ್ತು. ಉತ್ತರದ ಚೀಟಿಯನ್ನು ರೊಟ್ಟಿ ಸುತ್ತುವ ಬಟ್ಟೆಯ ಅಂಚಿಗೆ ಹೊಲಿದು ಕಳುಹಿಸುತ್ತಿದ್ದವಳು ಅವಳೇ ಎಂದು ಪೆನ್ನಿ ಬರೆದಿದ್ದಳಂತೆ.

ಕೊನೆಯ ಚೀಟಿಯಲ್ಲಿ ಪೀಲ್ ಬರೆದಿದ್ದ: ಗುರುವಾರ ಮೂರು ಗಂಟೆಗೆ ಮೀನು ಮಾರ್ಕೆಟ್ಟಿನ ಹಿಂದೆ ಬಾ, ಸೌದಿ ಗಡಿಗೆ ಹೋಗುವ ಒಂದು ಗಾಡಿ ಇದೆ. ಗುರುವಾರ ಹನ್ನೆರಡು ಗಂಟೆಗೆ ಅವನನ್ನೇ ಹಿಡಿದರು. ಇರಾಕಿನ ಒಂದು ಕಾರ್ಖಾನೆಯಲ್ಲಿ ಡಿಸೆಂಬರದವರೆಗೆ ಕೂಡಿಹಾಕಿದ್ದರು. ಬಿಡುಗಡೆಯಾದ ಮೇಲೆ ಯಾರೋ ಹೇಳಿದರು, ಆ ನರ್ಸು ಮೊದಲೇ ಬೇರೆಯವರ ಜೊತೆ ಗಡಿ ದಾಟಿದಳು ಎಂದು. ತನಗಾಗಿ ಅವಳು ಬರಲಿಲ್ಲ ಎಂದು ಅವನು ಮೂವತ್ತೈದು ವರ್ಷ ಅವಳ ಮೇಲೆ ಸಿಟ್ಟು ಇಟ್ಟುಕೊಂಡಿದ್ದ.

“ಬಂದಿದ್ದಳು,” ಎಂದರು ಬಾವಾಕುಂಞಿಯವರು, ತಮಗೆ ಬರುವ ಇಂಗ್ಲಿಷಿನಲ್ಲೇ. “ಶಿ ಕೇಮ್. ಥ್ರೀ ಓ ಕ್ಲಾಕ್.”

ಪೀಲ್ ಕೋಲಿನ ಮೇಲೆ ಎರಡೂ ಕೈಯಿಟ್ಟು ತಲೆ ತಗ್ಗಿಸಿದ.

ಬುರ್ಖಾ ಕದ್ದದ್ದಲ್ಲ, ಕೊಟ್ಟದ್ದು ಎಂದು ಬಾವಾಕುಂಞಿಯವರಿಗೆ ಈಗ ಹೊಳೆಯಿತು. ಹೆಂಡತಿಯೇ ತನ್ನ ಬತಾಕಾ ಕೈಗಿಟ್ಟು, ಗವಸು ತೊಡಿಸಿ, ಹಿಂಬಾಗಿಲಿನಿಂದ ಕಳುಹಿಸಿದ್ದು. ಗಂಡನಿಗೆ ಹೇಳಿದರೆ ಬಿಡುವುದಿಲ್ಲ ಎಂದು ಅವರು ರೊಟ್ಟಿಯ ಸಾಲಿನಲ್ಲಿರುವ ಹೊತ್ತು ನೋಡಿ ಕಳುಹಿಸಿದ್ದು. ಹೇಳಿದ್ದರೆ ಅವರು ಖಂಡಿತ ಬಿಡುತ್ತಿರಲಿಲ್ಲ. ಇಷ್ಟು ಭಾರವನ್ನು ಅವಳು ಒಬ್ಬಳೇ ಹೊತ್ತು, ದಿನವೂ ಅವರಿಗೆ ಅನ್ನ ಬಡಿಸಿದಳಲ್ಲ ಎಂದು ಬಾವಾಕುಂಞಿಯವರಿಗೆ ಸಂಕಟವಾಯಿತು. ಒಂದು ಮಾತು ಹೇಳಬಾರದಿತ್ತೇ ಎಂಬ ಸಿಟ್ಟೂ ಅದರ ಜೊತೆಗೇ ಇತ್ತು. ಎರಡರಲ್ಲಿ ಯಾವುದು ಹೆಚ್ಚು ಎಂದು ಅವರಿಗೆ ತಿಳಿಯಲಿಲ್ಲ.

ಭಾನುವಾರ ಕಚೇರಿ ತೆರೆಯುವ ಹೊತ್ತಿಗೆ ಹೊರಡಬೇಕೆಂದಾಗ ಮುಸ್ತಫಾ ಕಾರಿನ ಕೀಲಿ ಹಿಡಿದು ನಿಂತ.

“ಉಪ್ಪ, ಯೋಚನೆ ಮಾಡಿ. ಸುಳ್ಳು ಹೆಸರಲ್ಲಿ ದಫನ ಮಾಡಿದ್ದು ನಾನೇ ಅಂತ ಬರೆದು ಕೊಡುದಾ? ನಾಳೆ ನಿಮ್ಮನ್ನು ಏರ್‌ಪೋರ್ಟಿನಲ್ಲಿ ತಡೆದರೆ? ನನಗೆ ವೀಸಾ ಕೊಟ್ಟ ಕಫೀಲ್ ಕೇಳಿದರೆ ನಾನು ಎಂತ ಹೇಳ್ಬೇಕು?”

“ನಿನ್ನ ಉಪ್ಪ ಮೂವತ್ತೈದು ವರ್ಷ ಸುಳ್ಳು ಹೇಳಿದ, ಈಗ ಬಿಟ್ಟ ಅಂತ ಹೇಳು.”

“ಇದು ತಮಾಷೆ ಅಲ್ಲ.”

“ನಾನೂ ತಮಾಷೆ ಮಾಡ್ಲಿಲ್ಲ. ನೀನು ಬರದಿದ್ದರೆ ಟ್ಯಾಕ್ಸಿ ಉಂಟು.”

ಮುಸ್ತಫಾ ಬಂದ. ದಾರಿಯುದ್ದಕ್ಕೂ ಎದುರಿನ ಕಾರುಗಳನ್ನು ಬೈಯುತ್ತ ಬಂದ. ಪೀಲ್ ಹಿಂದಿನ ಸೀಟಿನಲ್ಲಿ ಫೋಟೋ ಕೈಯಲ್ಲಿಟ್ಟುಕೊಂಡು ಕುಳಿತಿದ್ದ.

ಗುಮಾಸ್ತ ಅವರನ್ನು ಕಂಡು ಕನ್ನಡಕ ತೆಗೆಯಲು ಕೈಯೆತ್ತಿದ.

“ತೆಗೀಬೇಡ,” ಎಂದರು ಬಾವಾಕುಂಞಿಯವರು. “ಹೆಸರು ಸಿಕ್ಕಿದೆ.”

ಅವರು ಎಲ್ಲವನ್ನೂ ಹೇಳಿದರು. ನಲವತ್ತೈದು ವರ್ಷದ ಅಡುಗೆಮನೆಯ ಅರಬಿ, ವ್ಯಾಕರಣವಿಲ್ಲದ್ದು, ಆದರೆ ಒಂದು ಮಾತೂ ಬಿಡಲಿಲ್ಲ. ಗುಮಾಸ್ತ ಮಧ್ಯದಲ್ಲಿ ಎದ್ದು ಬಾಗಿಲು ಮುಂದೆ ಮಾಡಿ ಬಂದು ಕುಳಿತ. ಕೇಳಿ ಮುಗಿದ ಮೇಲೆ, “ಕಂಪ್ಯೂಟರಿನಲ್ಲಿ ತಿದ್ದಲು ಕೋರ್ಟಿನ ಆದೇಶ ಬೇಕು,” ಎಂದ.

“ಎಷ್ಟು ದಿನ?”

“ವರ್ಷ ಅನ್ನಿ.”

“ನನಗೆ ಆರು ದಿನ ಉಂಟು.”

ಗುಮಾಸ್ತ ಬೆರಳಿನಿಂದ ಮೇಜು ಕುಟ್ಟಿದ. ಎದ್ದು ಒಳಗಿನಿಂದ ದಪ್ಪದ ಹಳೆಯ ಪುಸ್ತಕವೊಂದನ್ನು ತಂದು, ಧೂಳು ಊದಿ ತೆರೆದ. ಕೈಬರಹದ ಪುಟ. ಮರಿಯಮ್ ಬೀವಿ, ಗಂಡ ಬಾವಾಕುಂಞಿ. ಪಕ್ಕದಲ್ಲಿ ಒಂದು ಹೆಬ್ಬೆಟ್ಟು. ಕೊನೆಯಲ್ಲಿ ಷರಾ ಬರೆಯುವ ಅಗಲವಾದ ಕಾಲಮು, ಖಾಲಿ.

“ಇಲ್ಲೊಂದು ಸಾಲು ಬರೆಯಬಹುದು. ಸತ್ತವರ ಹತ್ತಿರದವರು ಕೇಳಿಕೊಂಡರೆ ಬರೆಯುವ ಅಧಿಕಾರ ನನಗಿದೆ. ಪುಸ್ತಕದ ಪ್ರಕಾರ ನೀವು ಗಂಡ. ಗಂಡ ಎಂದು ಸಹಿ ಮಾಡಿ, ನಾನು ಬರೆಯುತ್ತೇನೆ.”

“ನಾನು ಅವಳ ಗಂಡ ಅಲ್ಲ. ಈಗ ತಾನೇ ಹೇಳಿದೆನಲ್ಲ.”

“ಪುಸ್ತಕದಲ್ಲಿ ಹೌದು ಹಾಜಿ.”

“ಪುಸ್ತಕ ತಪ್ಪು ಅಂತಲೇ ನಾನು ಬಂದದ್ದು.”

“ಉಪ್ಪ,” ಮುಸ್ತಫಾ ಹಲ್ಲು ಕಚ್ಚಿ ಹೇಳಿದ, “ಗಂಡ ಅಂತ ಸೈನ್ ಹಾಕಿ. ಖಲಾಸ್. ಇವರು ಒಪ್ಪಿದ್ದೇ ದೊಡ್ಡದು.”

“ಸುಳ್ಳು ತೆಗೀಲಿಕ್ಕೆ ಇನ್ನೊಂದು ಸುಳ್ಳು ಹಾಕುದಾ? ಇವಳ ಗಂಡ ಆಗ್ಬೇಕಾದವ ಇಲ್ಲಿ ನನ್ನ ಮಗ್ಗುಲಲ್ಲಿ ನಿಂತಿದ್ದಾನೆ. ನನ್ನ ಹೆಂಡತಿ ಆಚೆ ಸಾಲಲ್ಲಿ ಮಲಗಿ ಮೂರು ತಿಂಗಳಾಯ್ತು. ಇಬ್ಬರ ಮುಖ ನಾನು ಹೇಗೆ ನೋಡುದು?”

ಗುಮಾಸ್ತನಿಗೆ ಕನ್ನಡ ತಿಳಿಯದಿದ್ದರೂ ಜಗಳ ತಿಳಿಯಿತು. “ಗಂಡ ಅಲ್ಲ. ಅಣ್ಣ ಅಲ್ಲ. ನೆಂಟ ಅಲ್ಲ. ಮತ್ತೆ ಅವಳು ನಿಮಗೇನು? ಏನಾದರೂ ಆಗಬೇಕಲ್ಲ.”

ಬಾವಾಕುಂಞಿಯವರು ಖಾಲಿ ಕಾಲಮನ್ನು ನೋಡುತ್ತ ನಿಂತರು. ಹಿಂಬಾಗಿಲಲ್ಲಿ ಚೀಲ ಹಿಡಿದು ನಿಂತ ಹೆಂಗಸು ಅವರಿಗೆ ಏನೂ ಆಗಿರಲಿಲ್ಲ. ಆದರೆ ಬಾಗಿಲು ಹಾಕಿದ ಮೇಲೆ ಆಗಿದ್ದಳು.

“ಅಮಾನ,” ಎಂದರು.

ಗುಮಾಸ್ತ ತಲೆಯೆತ್ತಿದ. ಕಾಪಾಡಿ ಹಿಂದಿರುಗಿಸು ಎಂದು ಅಲ್ಲಾಹನ ಹೆಸರಿನಲ್ಲಿ ಕೈಗಿಟ್ಟದ್ದು ಅಮಾನ. ಅರಬಿ ತಿಳಿದವನಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅವನು ಪೆನ್ನಿನ ಮುಚ್ಚಳ ತೆಗೆದ.

“ಎಂತ ಹೇಳಿದ್ರಿ ಉಪ್ಪ?” ಮುಸ್ತಫಾ ಪಿಸುಗುಟ್ಟಿದ. “ಅಮಾನತಾ? ಪೇಪರಲ್ಲಿ ಬರುತ್ತದಲ್ಲ, ಪಿಡಿಒ ಅಮಾನತು, ಆ ಅಮಾನತಾ?”

“ನೀನು ಸುಮ್ಮನಿರು.”

ಪೀಲ್ ಬಾಗಿ ಶಾಂತವಾಗಿ ಏನೋ ಕೇಳಿದ. ಹೆಸರು ಬರೆದರೆ ಅವಳನ್ನು ಇಲ್ಲಿಂದ ತೆಗೆಯುತ್ತಾರೆಯೇ ಎಂದು ಮುಸ್ತಫಾ ಅರಬಿಯಲ್ಲಿ ತಿಳಿಸಿದ. ಅವಳು ಇವರ ಧರ್ಮದವಳಲ್ಲ, ಆದರೆ ಆ ಅಮ್ಮ ಸ್ನಾನ ಮಾಡಿಸಿ ಮಲಗಿಸಿದ ಜಾಗದಲ್ಲೇ ಇರಲಿ ಎಂದು ಈತನ ಆಸೆ.

“ಈ ಪುಸ್ತಕದಲ್ಲಿ ಧರ್ಮದ ಕಾಲಮು ಇಲ್ಲ,” ಎಂದ ಗುಮಾಸ್ತ, ತಲೆಯೆತ್ತದೆ. “ನಾನು ಕೇಳಲಿಲ್ಲ. ನೀವು ಹೇಳಲಿಲ್ಲ. ಹೆಸರು ಹೇಳಿ.”

“ಪೆನ್ನಿ.”

ಗುಮಾಸ್ತ ಬರೆದ. ಹಾಜಿಯ ಬಳಿ ಅಮಾನವಾಗಿದ್ದವಳು, ಹೆಸರು... ಬರೆದು ಪುಸ್ತಕ ತಿರುಗಿಸಿ ತೋರಿಸಿದ. ಬಾವಾಕುಂಞಿಯವರು ಕನ್ನಡಕ ಸರಿ ಮಾಡಿಕೊಂಡು ಅಕ್ಷರ ಅಕ್ಷರ ಕೂಡಿಸಿ ಓದಿದರು.

“ಬೆನ್ನಿ ಅಂತ ಉಂಟು.”

“ಹೌದು. ಬೆನ್ನಿ.”

“ಬೆನ್ನಿ ಅಲ್ಲ ಮಾರಾಯ. ಪೆನ್ನಿ.”

“ಅರಬಿಯಲ್ಲಿ ಆ ಅಕ್ಷರ ಇಲ್ಲ ಹಾಜಿ. ಪಾಕಿಸ್ತಾನವನ್ನೂ ನಾವು ಬಾಕಿಸ್ತಾನ ಎಂದೇ ಬರೆಯುವುದು. ಎಲ್ಲರಿಗೂ ಅರ್ಥವಾಗುತ್ತದೆ.”

ಮುಸ್ತಫಾ ಗೋಡೆಗೆ ಹಣೆಯೊತ್ತಿ ನಿಂತ. “ಉಪ್ಪ, ಸಾಕು. ಒಂದು ಅಕ್ಷರ. ಬನ್ನಿ ಹೋಗುವಾ.”

ಬಾವಾಕುಂಞಿಯವರು ಹೋಗಲಿಲ್ಲ. ಮೇಜಿನಿಂದ ಗುಮಾಸ್ತನ ಪೆನ್ನು ಎತ್ತಿಕೊಂಡರು. ಚಿಕ್ಕಂದಿನಲ್ಲಿ ಉಳ್ಳಾಲದ ಮದ್ರಸದಲ್ಲಿ ಕಿತಾಬು ಓದಿಸಿದ ಮುಸ್ಲಿಯಾರರು ಬ್ಯಾರಿ ಮಾತನ್ನು ಅರಬಿ ಅಕ್ಷರದಲ್ಲಿ ಬರೆಯಲು ಕಲಿಸಿದ್ದರು. ಅರಬರಲ್ಲಿ ಇಲ್ಲದ ಪಕಾರಕ್ಕೆ ಬಕಾರದ ಕೆಳಗೆ ಮೂರು ಚುಕ್ಕಿ. ಅವರು ಬಲಗೈಯನ್ನು ಎಡಗೈಯಿಂದ ಹಿಡಿದು, ಗುಮಾಸ್ತ ಇಟ್ಟ ಒಂದು ಚುಕ್ಕಿಯ ಪಕ್ಕ ಇನ್ನೆರಡು ಚುಕ್ಕಿ ಇಟ್ಟರು.

“ಅದು ಅರಬಿ ಅಕ್ಷರ ಅಲ್ಲ,” ಎಂದ ಗುಮಾಸ್ತ. ಅವನ ದನಿಯಲ್ಲಿ ಸಿಟ್ಟಿಗಿಂತ ಸುಸ್ತು ಹೆಚ್ಚಿತ್ತು. “ಸರಕಾರದ ಪುಸ್ತಕ ಹಾಜಿ.”

“ಹೆಸರೂ ಅರಬಿಯದ್ದಲ್ಲ. ಓದು ನೋಡುವಾ.”

“ಬೆನ್ನಿ.”

“ತುಟಿ ಗಟ್ಟಿ ಮುಚ್ಚಿ ಗಾಳಿ ಬಿಟ್ಟು ಹೇಳು.”

ಗುಮಾಸ್ತ ಬಾಗಿಲ ಕಡೆ ನೋಡಿದ, ಯಾರೂ ಇರಲಿಲ್ಲ. ತುಟಿ ಮುಚ್ಚಿ, ಕೆನ್ನೆ ಉಬ್ಬಿಸಿ ಪ್ರಯತ್ನಿಸಿದ. ಎರಡನೆಯ ಸಲವೂ ಬಕಾರವೇ ಬಂತು. ಮೂರನೆಯ ಸಲ ಹತ್ತಿರ ಬಂತು. ಪೀಲ್ ಅತ್ತ ತಿರುಗಿ, ಜೇಬಿನಿಂದ ಕರವಸ್ತ್ರ ತೆಗೆದು ಕಣ್ಣಿಗೆ ಒತ್ತಿಕೊಂಡ.

“ಹಾಂ,” ಎಂದರು ಬಾವಾಕುಂಞಿಯವರು. “ಇನ್ನು ಮಸಿ ಒಣಗಲಿ. ಆಮೇಲೆ ಮುಚ್ಚು.”